ಕಥೆ ಪುಸ್ತಕ ಎತ್ತಿಡಬೇಡಿ ಅತ್ತಿಗೆ

ಅತ್ತಿಗೆ, ನಿಮ್ಮ ಮೆಸೇಜ್ ನೋಡಿದೆ. ಪುಟ್ಟಿ ಸದಾ ಕಥೆ ಬರೆಯುತ್ತಾ ಕೂರುತ್ತಾಳೆ, ಪಾಠದ ಪ್ರಶ್ನೆ ಕೇಳಿದರೆ ಬಾಯಿ ಬಿಡುವುದಿಲ್ಲ, ಪರೀಕ್ಷೆ ಮುಗಿಯುವ ತನಕ ಕಥೆ ಪುಸ್ತಕ ಎಲ್ಲ ಎತ್ತಿಟ್ಟುಬಿಡಲಾ ಅಂತ ಕೇಳಿದ್ದೀರಿ. ಗ್ರೂಪ್‌ನಲ್ಲಿ ಅರ್ಧ ಜನ ಆಗಲೇ ಹೂಂ ಅಂದಿದ್ದಾರೆ. ನಾನು ಬೇಡ ಅನ್ನುವವಳು. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡುತ್ತಾ ಕೇಳಿಸಿಕೊಳ್ಳಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಗ್ಗಿ, ಕಾಗುಣಿತ ಇವಕ್ಕೆಲ್ಲ ಕಥೆ ಕಟ್ಟಲು ಹೋಗಬೇಡಿ. ಅವು ಬಾಯಿಗೆ ಬರಬೇಕು, ಕೈಗೆ ಕೂರಬೇಕು, ಅಷ್ಟೇ. ಏಳರ ಮಗ್ಗಿ ಅನ್ನುವ ರಾಜಕುಮಾರ ಇದ್ದ ಅಂತ ಶುರು ಮಾಡಿದರೆ ಮಕ್ಕಳಿಗೇ ನಗು ಬರುತ್ತದೆ. ಕಥೆ ಮುಂದೆ ಸಾಗಬೇಕಾದರೆ ಲೆಕ್ಕ ಬೇಕೇ ಬೇಕು, ನಕ್ಷೆ ಬೇಕೇ ಬೇಕು ಅನ್ನುವಂಥ ಕಥೆ ಹುಡುಕಿ. ಅಂಥದ್ದು ಸಿಕ್ಕರೆ ಪಾಠ ತಾನಾಗಿ ಬರುತ್ತದೆ.

ಇದನ್ನು ಇವತ್ತು ರಾತ್ರಿ ಅವಳಿಗೆ ಹೇಳಿ ನೋಡಿ. ನಿಜವಾಗಿ ನಡೆದದ್ದು. 1854, ಆಗಸ್ಟ್ ಕೊನೆ. ಲಂಡನ್ನಿನ ಸೋಹೊ ಬಡಾವಣೆ. ಜನ ಬೀದಿಯ ಕೈಪಂಪಿನಿಂದ ನೀರು ಒಯ್ಯುತ್ತಿದ್ದ ಕಾಲ. ಇದ್ದಕ್ಕಿದ್ದಂತೆ ಕಾಲರಾ ಬಂತು, ಕೆಲವೇ ದಿನಗಳಲ್ಲಿ ನೂರಾರು ಜನ ಸತ್ತರು. ಕೆಟ್ಟ ಗಾಳಿಯಿಂದ ಈ ರೋಗ ಬರುತ್ತದೆ ಅಂತ ದೊಡ್ಡ ದೊಡ್ಡ ವೈದ್ಯರೂ ನಂಬಿದ್ದರು. ಜಾನ್ ಸ್ನೋ ಅನ್ನುವ ಡಾಕ್ಟರಿಗೆ ಮಾತ್ರ ನೀರಿನ ಮೇಲೆ ಅನುಮಾನ. ಸತ್ತವರ ವಿಳಾಸ ಹಿಡಿದು ಮನೆ ಮನೆಗೆ ಹೋಗಿ ವಿಚಾರಿಸಿದರು. ಸಾವೆಲ್ಲ ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತಮುತ್ತಲೇ ಜಾಸ್ತಿ.

ಆದರೆ ಕೆಲವು ಕಡೆ ಲೆಕ್ಕ ಕೂಡಲಿಲ್ಲ. ಪಂಪಿನ ಹತ್ತಿರವೇ ಒಂದು ಬಿಯರ್ ಕಾರ್ಖಾನೆ ಇತ್ತು. ಅಲ್ಲಿನ 70ಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬರೂ ಕಾಲರಾದಿಂದ ಸಾಯಲಿಲ್ಲ. ಬಡವರನ್ನು ಇಟ್ಟುಕೊಂಡಿದ್ದ ಒಂದು ಆಶ್ರಯದಲ್ಲಿ 535 ಜನ ಇದ್ದರು, ಸತ್ತವರು 5 ಜನ ಮಾತ್ರ. ಇತ್ತ ಹ್ಯಾಂಪ್‌ಸ್ಟೆಡ್ ಅಂತ ದೂರದ ಜಾಗದಲ್ಲಿ ಒಬ್ಬ ವಿಧವೆ ಅದೇ ರೋಗಕ್ಕೆ ಸತ್ತಳು. ಆಕೆ ಎಷ್ಟೋ ತಿಂಗಳಿಂದ ಸೋಹೊ ಕಡೆ ತಲೆ ಹಾಕಿರಲಿಲ್ಲ.

ಇಲ್ಲಿ ನಿಲ್ಲಿಸಿ, ಅತ್ತಿಗೆ. ಉತ್ತರ ಹೇಳಬೇಡಿ. ಯಾಕಿರಬಹುದು ಅಂತ ಕೇಳಿ, ಸುಮ್ನೆ ಕೂತುಕೊಳ್ಳಿ. ಕೆಲಸಗಾರರು ಗಟ್ಟಿಮುಟ್ಟಾಗಿದ್ದರು ಅನ್ನಬಹುದು. ತಪ್ಪು ಅನ್ನಬೇಡಿ. ಹಾಗಾದರೆ ಆಶ್ರಯದಲ್ಲಿದ್ದ ಮುದುಕರು, ರೋಗಿಗಳು ಹೇಗೆ ಉಳಿದರು ಅಂತ ಕೇಳಿ. ಅವಳೇ ಮೊದಲಿನ ಊಹೆ ಬಿಟ್ಟು ಇನ್ನೊಂದು ಹುಡುಕುತ್ತಾಳೆ. ಹೊಸ ಊಹೆ ಕಟ್ಟುವುದು, ಕೂಡದಿದ್ದರೆ ಬಿಡುವುದು, ಮತ್ತೆ ಕಟ್ಟುವುದು. ಸೃಜನಶೀಲತೆ ಅಂತ ನಾವು ದೊಡ್ಡದಾಗಿ ಹೇಳುತ್ತೇವಲ್ಲ, ಅದರಲ್ಲಿ ಬಹುಪಾಲು ಇದೇ ಕೆಲಸ.

ಈಗ ಉತ್ತರ. ಪುಟ್ಟಿ ಪಕ್ಕದಲ್ಲಿದ್ದರೆ ಇಯರ್‌ಫೋನ್ ಹಾಕಿಕೊಳ್ಳಿ. ಕಾರ್ಖಾನೆಯವರಿಗೆ ಕುಡಿಯಲು ಬಿಯರೇ ಸಿಗುತ್ತಿತ್ತು, ಜೊತೆಗೆ ಒಳಗೇ ಬಾವಿ ಇತ್ತು. ಆಶ್ರಯಕ್ಕೂ ಸ್ವಂತ ಬಾವಿ. ಹ್ಯಾಂಪ್‌ಸ್ಟೆಡ್‌ನ ವಿಧವೆಗೆ ಬ್ರಾಡ್ ಸ್ಟ್ರೀಟ್ ಪಂಪಿನ ನೀರಿನ ರುಚಿ ಬಹಳ ಇಷ್ಟ, ದಿನಾ ಗಾಡಿಯಲ್ಲಿ ಒಂದು ದೊಡ್ಡ ಬಾಟಲಿ ತರಿಸಿಕೊಳ್ಳುತ್ತಿದ್ದಳು!

ಗಣಿತ ಎಲ್ಲಿ ಬಂತು ನೋಡಿ. 535ರಲ್ಲಿ 5 ಅಂದರೆ ನೂರಕ್ಕೆ ಒಂದಕ್ಕಿಂತ ಕಮ್ಮಿ. ಸುತ್ತಲಿನ ಬೀದಿಗಳಷ್ಟೇ ಸಾವು ಅಲ್ಲೂ ಆಗಿದ್ದರೆ ನೂರಕ್ಕೂ ಹೆಚ್ಚು ಜನ ಸಾಯಬೇಕಿತ್ತು ಅಂತ ಸ್ನೋ ಬರೆದಿದ್ದಾರೆ. ಶೇಕಡಾ ಲೆಕ್ಕ ಯಾಕೆ ಬೇಕು ಅಂತ ಇದಾದ ಮೇಲೆ ಯಾವ ಮಗುವೂ ಕೇಳುವುದಿಲ್ಲ. ಆಮೇಲೆ ಒಂದು ಚೌಕುಳಿ ಹಾಳೆ ಕೊಡಿ. ಎರಡು ಪಂಪು ಗುರುತಿಸಿ, ಎರಡಕ್ಕೂ ಸಮ ದೂರದಲ್ಲಿರುವ ಚುಕ್ಕಿಗಳನ್ನು ಹಾಕಿಸಿ. ಒಂದು ನೇರ ಗೆರೆ ಮೂಡುತ್ತದೆ. ಗೆರೆಯ ಈಚೆಯವರಿಗೆ ಈ ಪಂಪು ಹತ್ತಿರ, ಆಚೆಯವರಿಗೆ ಆ ಪಂಪು. ಅದು ಜ್ಯಾಮಿತಿಯ ಲಂಬಾರ್ಧಕ, ಆ ಹೆಸರು ಆಮೇಲೆ ಹೇಳಿದರೂ ನಡೆಯುತ್ತದೆ. ಈಗ ಮಧ್ಯೆ ಮನೆಗಳು, ಓಣಿಗಳನ್ನು ಬರೆಯಿರಿ. ಗೆರೆ ಡೊಂಕಾಗುತ್ತದೆ, ಯಾಕೆಂದರೆ ನೀರು ತರುವವರು ಗೋಡೆ ದಾಟಿ ಹೋಗುವುದಿಲ್ಲ, ಓಣಿ ಸುತ್ತಿ ಹೋಗುತ್ತಾರೆ. ಸ್ನೋ ಕೂಡ ಸಾವುಗಳನ್ನು ಗುರುತಿಸಿದ ತಮ್ಮ ನಕ್ಷೆಯಲ್ಲಿ ನಡೆದು ಹೋಗುವ ದೂರವನ್ನೇ ಹಿಡಿದರು.

ಸೆಪ್ಟೆಂಬರ್ 8ಕ್ಕೆ ಪಂಪಿನ ಹಿಡಿಕೆ ತೆಗೆಸಿದರು. ಅಷ್ಟರಲ್ಲಿ ರೋಗ ಆಗಲೇ ಇಳಿಯುತ್ತಿತ್ತು, ಅದನ್ನೂ ಮುಚ್ಚಿಡದೆ ಹೇಳಿ. ಹೆನ್ರಿ ವೈಟ್‌ಹೆಡ್ ಅನ್ನುವ ಪಾದ್ರಿ ಸ್ನೋ ಹೇಳಿದ್ದು ಸುಳ್ಳು ಅಂತ ತೋರಿಸಲು ತಾನೇ ವಿಚಾರಣೆಗೆ ಇಳಿದ. ಕೊನೆಗೆ ಸ್ನೋ ಮಾತಿಗೆ ಬೇಕಿದ್ದ ಸಾಕ್ಷಿ ಸಿಕ್ಕಿದ್ದೇ ಅವನಿಗೆ. ಕಾಯಿಲೆ ಬಿದ್ದ ಒಂದು ಕೂಸಿನ ಬಟ್ಟೆ ತೊಳೆದ ನೀರನ್ನು ಬ್ರಾಡ್ ಸ್ಟ್ರೀಟ್ ಪಂಪಿನ ಬಾವಿಯ ಪಕ್ಕದ ಗುಂಡಿಗೆ ಸುರಿದಿದ್ದರು. ಈ ತಿರುವು ನನಗೆ ತುಂಬಾ ಇಷ್ಟ. ಸ್ನೋ 1858ರಲ್ಲಿ ತೀರಿಕೊಂಡರು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ ಕಾಲರಾದ ರೋಗಾಣುವನ್ನು ಜಗತ್ತಿಗೆ ತೋರಿಸಿದ್ದು 1884ರಲ್ಲಿ. ವಿಜ್ಞಾನ ಪಾಠ ಇಲ್ಲಿಂದ ತಾನೇ ಶುರುವಾಗುತ್ತದೆ.

ಇನ್ನು ಅವಳ ಬರವಣಿಗೆ. ಇಷ್ಟ ಬಂದದ್ದು ಬರಿ ಅಂದರೆ ಮಕ್ಕಳು ಪೆನ್ನು ಕಚ್ಚುತ್ತಾ ಕೂರುತ್ತಾರೆ. ಒಂದು ಕಟ್ಟು ಹಾಕಿ. ತಾರೀಕು, ಅಂಕಿ, ಜಾಗ ಇವನ್ನು ಬದಲಾಯಿಸುವ ಹಾಗಿಲ್ಲ, ಉಳಿದದ್ದೆಲ್ಲ ಅವಳ ಇಷ್ಟ. ಗಾಡಿಯವನು ಆ ವಿಧವೆಯ ಬಾಗಿಲಲ್ಲಿ ಬಾಟಲಿ ಇಡುವಾಗ ಏನು ಮಾತಾಡಿದ? ಹಿಡಿಕೆ ಕಿತ್ತ ದಿನ ಖಾಲಿ ಬಕೆಟ್ ಹಿಡಿದು ನಿಂತವರು ಏನೆಂದು ಬೈದರು? ಕಲ್ಪನೆ ಎಲ್ಲಿ, ಪುರಾವೆ ಎಲ್ಲಿ ಅಂತ ಅವಳಿಗೇ ಗೊತ್ತಾಗುತ್ತಾ ಹೋಗುತ್ತದೆ. ಓದಿ ಹೇಳುವಾಗ ಮೊದಲೇ ಒತ್ತಕ್ಷರ ತಿದ್ದಬೇಡಿ, ಆಮೇಲೆ ಏನಾಯಿತು ಅಂತ ಕೇಳಿ. ತಿದ್ದುವುದು ಮರುದಿನವೂ ಆಗುತ್ತದೆ.

ಪರೀಕ್ಷೆ ಗತಿ ಏನು ಅಂತೀರಿ, ಗೊತ್ತು. ಎರಡು ದಿನ ಬಿಟ್ಟು, ಪುಸ್ತಕ ಮುಚ್ಚಿಸಿ, ಅದೇ ವಿಷಯವನ್ನು ನೆನಪಿನಿಂದ ನಾಲ್ಕೈದು ವಾಕ್ಯದಲ್ಲಿ ಹೇಳಿಸಿ. ಹತ್ತು ಸಲ ಓದುವುದಕ್ಕಿಂತ ಹೀಗೆ ನೆನಪಿಸಿಕೊಂಡು ಹೇಳಿದ್ದು ಜಾಸ್ತಿ ಉಳಿಯುತ್ತದೆ. ಉತ್ತರ ಬರೆಯುವ ರೀತಿ ಬೇರೆಯೇ ಅಭ್ಯಾಸ, ಅದನ್ನೂ ಮಾಡಿಸಲೇಬೇಕು.

ಮಾವ, ನೀವು ಕೇಳಿದ್ದಕ್ಕೂ ಇಲ್ಲೇ ಹೇಳುತ್ತೇನೆ. ನಿಮ್ಮ ಮೊಮ್ಮಗನಿಗೆ ಲೆಕ್ಕ ಬಿಟ್ಟರೆ ಕಥೆ ಗಿಥೆ ಬೇಡ, ಅಲ್ವಾ? ಅವನಿಗೆ ಉಲ್ಟಾ ಮಾಡಿ. ಒಂದು ಗ್ರಾಫ್ ಬರೆದು ಕೊಡಿ. ಕೆಳಗೆ ಸಮಯ, ಪಕ್ಕದಲ್ಲಿ ಮನೆಯಿಂದ ದೂರ. ಗೆರೆ ಏರುತ್ತದೆ, ನಡುವೆ ಸ್ವಲ್ಪ ಹೊತ್ತು ಚಪ್ಪಟೆ, ಆಮೇಲೆ ಸರ್ರನೆ ಸೊನ್ನೆಗೆ ಇಳಿಯುತ್ತದೆ. ಹೋದವನು ಎಲ್ಲಿ ನಿಂತ, ಯಾಕೆ ಓಡಿ ಬಂದ, ಹೇಳು ಅನ್ನಿ.

ಪ್ರತಿ ಪಾಠಕ್ಕೂ ಇಷ್ಟೆಲ್ಲ ಮಾಡಲು ಯಾರ ಕೈಲೂ ಆಗುವುದಿಲ್ಲ, ಅತ್ತಿಗೆ. ತಿಂಗಳಿಗೆ ಒಂದು ಆದರೂ ಸಾಕು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯೂರೋಪಿನಲ್ಲಿ ಬೇಸಿಗೆಯೇ ಸರಿಯಾಗಿ ಬಾರದೆ ಬೆಳೆ ಹಾಳಾದ ಕಥೆ ಒಂದಿದೆ. ಬೇಕಿದ್ದರೆ ಹೇಳಿ, ಬೇರೆ ಮೆಸೇಜ್ ಮಾಡುತ್ತೇನೆ. ಇದೇ ಆಗಲೇ ಉದ್ದ ಆಯಿತು.