ಪ್ರಶ್ನೋತ್ತರ: ಬೆನ್ನುನೋವಿನ ಗುಳಿಗಿ ಬಿಡಾಕ ಆಗವಲ್ದು, ತಮ್ಮ ಮಜಾಕ್ಕ ತಗೋತಾನೇನ್ರಿ?

ಪ್ರಶ್ನೆ, ಬನಹಟ್ಟಿಯ ಒಬ್ಬ ಅಕ್ಕ (ಹೆಸರು ಬ್ಯಾಡ ಅಂದಾರ, ಅಡ್ಮಿನ್ ಹಾಕೇನಿ):

ಡಾಕ್ಟರ್ ನಮಸ್ಕಾರ್ರಿ. ನನ್ನ ತಮ್ಮಗ 29 ವರ್ಷ, ಪಾವರ್‌ಲೂಮ್ ಮ್ಯಾಲ ಕೆಲಸ ಮಾಡ್ತಾನ. ಎರಡು ವರ್ಷದ ಹಿಂದ ಬೀಮ್ ಎತ್ತೂ ಮುಂದ ಬೆನ್ನು ಹಿಡದು ನಡ್ಯಾಕ ಬರದಂಗ ಆಗಿತ್ತು, ಆವಾಗ ದವಾಖಾನ್ಯಾಗ ಟ್ರಾಮಡಾಲ್ 50 ಎಂಜಿ ಕ್ಯಾಪ್ಸೂಲ್ 5 ದಿನಕ್ಕ ಬರದು ಕೊಟ್ಟಿದ್ರು. ಬೆನ್ನು ಆರಾಮಾತು, ಗುಳಿಗಿ ಮಾತ್ರ ನಿಲ್ಲಲಿಲ್ಲ. ಈಗ ದಿನಕ್ಕ 8, ಒಮ್ಮೊಮ್ಮೆ 10 ನುಂಗ್ತಾನ, ಎಲ್ಲಿಂದ ತರ್ತಾನೋ ಗೊತ್ತಿಲ್ಲ, ಪಗಾರದಾಗ ಅರ್ಧ ಅದಕ್ಕ ಹೊಕ್ಕೈತಿ. ಹೋದ ತಿಂಗಳ ಮಗ್ಗದ ಮುಂದ ಫಿಟ್ಸ್ ಬಂದು ಬಿದ್ದ, ಅವ್ವ ಗಾಳಿ ಬಡದೈತಿ ಅಂತ ತಾಯತ ಕಟ್ಸಿದ್ಳು. ನಾನು ಸಿಟ್ಟಿಗೆದ್ದು ಇದ್ದ ಗುಳಿಗಿ ಎಲ್ಲಾ ಒಲಿಯಾಗ ಹಾಕಿದೆ, ಮರುದಿನ ಅಂವ ನಡುಗಿ, ಕಣ್ಣು ಮೂಗು ಸೋರಿ, ಭೇದಿ ಹತ್ತಿ, ಕಾಲು ಬಡಕೊಂಡು ಹೊಳ್ಳಾಡಿದ, ನೋಡಾಕ ಆಗದ ನಾನ ಮತ್ತ ತರಿಸಿ ಕೊಟ್ಟೆ. ಅಪ್ಪ ಹೇಳೂದು ಒಂದ, ಮಜಾಕ್ಕ ಚಟ ಹಚ್ಕೊಂಡಾನ, ನಾಕು ಬಡದ್ರ ಬಿಡ್ತಾನ ಅಂತ. ಖರೇನ್ರಿ ಇದು?

ಉತ್ತರ, ಡಾಕ್ಟರ್ (ಮನೋರೋಗ ತಜ್ಞೆ, ಬಾಗಲಕೋಟೆ):

ಅಕ್ಕಾರ, ಮೊದಲು ಫಿಟ್ಸಿಂದು ಹೇಳ್ತೀನಿ ಯಾಕಂದ್ರ ಅದು ಕಾಯೂದಿಲ್ಲ. ಅದು ಗಾಳಿ ಅಲ್ರಿ, ಟ್ರಾಮಡಾಲ್ ಜಾಸ್ತಿ ಆದ್ರ ಫಿಟ್ಸ್ ಬರತಾವು. ದೊಡ್ಡೋರಿಗೆ ದಿನಕ್ಕ 400 ಎಂಜಿ ದಾಟಬಾರ್ದು, ನಿಮ್ಮ ತಮ್ಮ 10 ನುಂಗಿದ ದಿನ 500 ಆಗ್ತೈತಿ. ಮುಂದಿನ ಫಿಟ್ಸ್ ಮಗ್ಗ ಚಾಲೂ ಇದ್ದಾಗ ಬಂದ್ರ ಕೈ ಹೋಗ್ತೈತಿ, ತಲಿ ಹೋಗ್ತೈತಿ. ಈ ವಾರದಾಗ ಡಾಕ್ಟರ್‌ಗೆ ತೋರಸ್ರಿ, ಅಲ್ಲೀತನ ಮಗ್ಗ ಬ್ಯಾಡ, ಗಾಡಿ ಹೊಡಿಯೂದು ಬ್ಯಾಡ, ಕೆರಿ ಬಾವಿ ಈಜೂದಂತೂ ಬ್ಯಾಡ. ಮತ್ತ ನೀವು ಪುನಃ ತಂದು ಕೊಟ್ಟಿದ್ದಕ್ಕ ಮನಸಿಗೆ ಹಚ್ಕೋಬ್ಯಾಡ್ರಿ, ಕಣ್ಣ ಮುಂದ ತಮ್ಮ ಹೊಳ್ಳಾಡೂ ಮುಂದ ಯಾವ ಅಕ್ಕ ಸುಮ್ಕ ಕುಂದ್ರತಾಳ.

ಇನ್ನ ಅಪ್ಪಾರ ಮಾತು, ಮಜಾಕ್ಕ ತಗೋತಾನ ಅನ್ನೂದು. ನಾನು ಇಷ್ಟು ವರ್ಷದಾಗ ನೋಡಿದ ಪೇಷಂಟ್ ಒಳಗ ಎರಡನೇ ವರ್ಷಕ್ಕ ಮಜಾ ಉಳದೋರು ಒಬ್ಬರೂ ಸಿಕ್ಕಿಲ್ರಿ. ಮಜಾ ಯಾವಾಗೋ ಹೋಗಿರತೈತಿ, ಈಗ ಅಂವ ಗುಳಿಗಿ ನುಂಗೂದು ನಮ್ಮಂಗ ಸಾದಾ ಇರಾಕ, ಎದ್ದು ಮಾರಿ ತೊಳಕೊಂಡು ಪಾಳಿಗೆ ಹೋಗಾಕ. ಇದು ಹೆಂಗಾಗ್ತೈತಿ ಅಂತ ತಿಳಕೊಂಡ್ರ ಬಡಿಯೂ ಮಾತು ತಾನ ಬಿಡ್ತಾರ, ಅದಕ್ಕ ಸ್ವಲ್ಪ ಉದ್ದ ಬರೀತೀನಿ.

1954 ರಾಗ ಕೆನಡಾದ ಮಾಂಟ್ರಿಯಲ್ ಊರಾಗ ಜೇಮ್ಸ್ ಓಲ್ಡ್ಸ್, ಪೀಟರ್ ಮಿಲ್ನರ್ ಅಂತ ಇಬ್ಬರು ಇಲಿ ಮೆದುಳಿನ ಒಂದು ಜಾಗಾಕ್ಕ ಸಣ್ಣ ತಂತಿ ಇಟ್ಟು, ಇಲಿ ತಾನ ಸನ್ನಿಕೋಲು ಒತ್ತಿದ್ರ ಅಲ್ಲಿ ಕರೆಂಟ್ ಹರಿಯೂಹಂಗ ಮಾಡಿದ್ರು, ಇಲಿ ಒತ್ತಿ ಒತ್ತಿ ಬಿಡವಲ್ದು. ಖುಷಿ ಕೊಡೂ ಆ ದಾರಿ ನಮ್ಮ ಮೆದುಳಿನಾಗೂ ಐತಿ. ನಡುಮೆದುಳಿನಾಗ ವಿಟಿಎ ಅನ್ನೂ ಸಣ್ಣ ಜಾಗಾದಿಂದ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಅನ್ನೂ ಕಡೆ ಡೋಪಮಿನ್ ಅನ್ನೂ ರಾಸಾಯನಿಕ ಹರೀತೈತಿ, ಉಂಡಾಗ, ಕೂಸು ನಕ್ಕಾಗ, ಕೆಲಸ ಚಲೋ ಆದಾಗ. ಘಟಪ್ರಭಾ ಕಾಲುವಿ ಇದ್ದಂಗ ತಿಳಕೋರಿ. ಅದಕ್ಕೊಬ್ಬ ಗೇಟ್ ಕಾಯೂಂವ ಅದಾನ, ಗಾಬಾ ಅನ್ನೂ ರಾಸಾಯನಿಕದ ನರಕೋಶಗಳು, ಬೇಕಾದಷ್ಟ ನೀರು ಬಿಡ್ತಾವು. ಟ್ರಾಮಡಾಲ್, ಟಪೆಂಟಡಾಲ್, ಕೋಡೀನ್ ಇರೂ ಕೆಮ್ಮಿನ ಸಿರಪ್, ಇವೆಲ್ಲಾ ಅಫೀಮಿನ ಬಳಗದ ಗುಣದ ಔಷಧ. ಇವು ಗೇಟ್ ಕಾಯೂಂವನ್ನ ಮಲಗಸ್ತಾವು. ನೀರು ನುಗ್ಗತೈತಿ.

ಹೊಲಕ್ಕ ನೀರು ಜಾಸ್ತಿ ಬಿಟ್ರ ಏನಾಗ್ತೈತಿ ಅಂತ ನಮ್ಮ ಕಡೆ ರೈತರಿಗೆ ಹೇಳೂದ ಬ್ಯಾಡ, ಸವಳು ಆಗ್ತೈತಿ. ಮೆದುಳೂ ಹಂಗ. ದಿನಾ ಇಷ್ಟು ಬಂದ್ರ ತಡಕೊಳ್ಳಾಕ ಆ ರಾಸಾಯನಿಕ ಹಿಡಿಯೂ ತನ್ನ ಕೊಂಡಿ, ಅಂದ್ರ ರಿಸೆಪ್ಟರ್, ಮೊಂಡ ಮಾಡ್ಕೋತೈತಿ, ಕಡಿಮಿ ಮಾಡ್ಕೋತೈತಿ, ದೇಹ ತಾನ ತಯಾರು ಮಾಡೂ ನೋವುಶಾಮಕ ಎಂಡಾರ್ಫಿನ್ ಇದ್ದೂ ಸಾಲದಂಗ ಆಗ್ತೈತಿ. ಆಗ 2 ಗುಳಿಗಿಯಾಗ ಆಗೂದಕ್ಕ 4 ಬೇಕು, 4 ರಾಗ ಆಗೂದಕ್ಕ 8. ಮಗಳ ಮಾರಿ ನೋಡಿದ್ರೂ, ಜಾತ್ರಿಗೆ ಹೋದ್ರೂ ಮನಸು ಅಳ್ಳಾಡೂದಿಲ್ಲ. ಗುಳಿಗಿ ತಪ್ಪಿದ ದಿನ ಮಲಗಿಸಿಟ್ಟ ಎಲ್ಲಾ ವ್ಯವಸ್ಥಾ ಒಮ್ಮೆಲೆ ಎದ್ದು ನಿಲ್ಲತೈತಿ, ನೀವು ನೋಡಿದ ನಡುಕ, ಸೋರೂ ಮೂಗು, ಭೇದಿ, ಕಾಲುನೋವು ಅದ. ಅದು ನಾಟಕ ಅಲ್ರಿ.

ಇನ್ನೊಂದು ಮಾತು, ಇದನ್ನ ಮನಿಯೋರು ಗಮನಸೂದಿಲ್ಲ. ವುಲ್ಫ್ರಾಮ್ ಶುಲ್ಟ್ಜ್ ಅನ್ನೂ ವಿಜ್ಞಾನಿ ಮಂಗ್ಯಾಗಳ ಮ್ಯಾಲ ನೋಡಿದ್ದು: ಮೊದಮೊದಲು ಜ್ಯೂಸ್ ಬಾಯಿಗೆ ಬಿದ್ದಾಗ ಡೋಪಮಿನ್ ನರಕೋಶ ಜಿಗಿತಿದ್ವು, ಜ್ಯೂಸಿಗಿಂತ ಮೊದಲ ಸನ್ನಿ ತೋರ್ಸಾಕ ಹತ್ತಿದ ಮ್ಯಾಲ, ಕಲಿತ ಮಂಗ್ಯಾಗ ಸನ್ನಿಗೇ ಜಿಗ್ಯಾಕ ಹತ್ತಿದ್ವು. ನಾವು ಬಸ್ಸಿನಾಗ ಅಮೀನಗಡ ದಾಟೂ ಮುಂದ ಕರದಂಟಿನ ಅಂಗಡಿ ಬೋರ್ಡ್ ಕಂಡ್ರ ಬಾಯಾಗ ನೀರು ಬರತೈತಲ್ಲ, ತಿಂದೇ ಇರೂದಿಲ್ಲ ಇನ್ನ. ನಿಮ್ಮ ತಮ್ಮಗ ಆ ಬೋರ್ಡ್ ಎಲ್ಲಾ ಕಡೆ ಅದಾವು, ಸ್ಟ್ರಿಪ್ ಚಿಟಿಕಿ ಹೊಡಿಯೂ ಸಪ್ಪಳ, ಪಾಳಿ ಚಾಲೂ ಆಗೂ ಹೊತ್ತು, ಜೋಡಿ ಗುಳಿಗಿ ನುಂಗೂ ಗೆಳ್ಯಾ. ತಡಿ ಅಂತ ಹೇಳೂ ಹಣಿ ಹಿಂದಿನ ಭಾಗ, ಪ್ರಿಫ್ರಂಟಲ್ ಕಾರ್ಟೆಕ್ಸ್, ಆ ಹೊತ್ತಿಗೆ ಬಲ ಕಳಕೊಂಡಿರತೈತಿ. ಅದಕ್ಕ ಮುಂಜಾನಿ ಆಣಿ ಮಾಡಿದ ಮನಷ್ಯಾ ಸಂಜಿಗೆ ನುಂಗ್ತಾನ, ನಿಮ್ಮ ಮ್ಯಾಲ ಪ್ರೀತಿ ಇಲ್ಲಂತ ಅಲ್ಲ.

ಜಮಖಂಡಿ, ಮೆಡಿಕಲ್ ಶಾಪಿನೋರು:

ಮೇಡಂ ನಮ್ಮದೂ ಸ್ವಲ್ಪ ಹೇಳ್ರಿ. ಮೊಬೈಲ್‌ನ್ಯಾಗ ಹಳೇ ಚೀಟಿ ಫೋಟೋ ತೋರ್ಸಿ ಕೊಡ್ರಿ ಅಂತ ಜಗಳಾ ಮಾಡ್ತಾರ, ಕೊಡದಿದ್ರ ಗಿರಾಕಿ ಹೋಗ್ತಾವು, ಕಬ್ಬು ಕಡಿಯೂ ಸೀಜನ್‌ನ್ಯಾಗಂತೂ ಭಾಳ. ಮೊದಲು ನಾವೂ ಅಷ್ಟು ವಿಚಾರ ಮಾಡ್ತಿದ್ದಿಲ್ಲ.

ಡಾಕ್ಟರ್:

ಖರೇ ಹೇಳಿದ್ದಕ್ಕ ಥ್ಯಾಂಕ್ಸ್ ಅಣ್ಣಾರ. ಕಾನೂನು ನಿಮಗ ಗೊತ್ತೈತಿ, ಮಂದಿಗೆ ಗೊತ್ತಾಗ್ಲಿ ಅಂತ ಬರೀತೀನಿ. 2014 ಮಾರ್ಚ್ 1 ರಿಂದ ಶೆಡ್ಯೂಲ್ ಎಚ್1 ಅಂತ ಚೀಟಿ ಇಲ್ಲದ ಮಾರಬಾರದ ಔಷಧದ ಪಟ್ಟಿ ಬಂತು, ಟ್ರಾಮಡಾಲ್, ಆಲ್ಪ್ರಜೋಲಮ್ ಅದರಾಗ ಅದಾವು, ಡಾಕ್ಟರ್ ಹೆಸರು ಪೇಷಂಟ್ ಹೆಸರು ರಜಿಸ್ಟರ್‌ದಾಗ ಬರದು 3 ವರ್ಷ ಇಡಬೇಕು. 2018 ಏಪ್ರಿಲ್‌ನ್ಯಾಗ ಟ್ರಾಮಡಾಲ್‌ನ್ನ ಎನ್‌ಡಿಪಿಎಸ್ ಅಂದ್ರ ಮಾದಕ ವಸ್ತು ತಡಿಯೂ ಕಾಯ್ದೆ ಒಳಗೂ ತಂದ್ರು. ಆದ್ರ ನಿಮ್ಮ ಕೌಂಟರ್ ಮುಂದ ನಿಂತು ಜಗಳಾಡೂಂವಗ ಬರೇ ಇಲ್ಲಾ ಅಂದ್ರ ಮುಂದಿನ ಅಂಗಡಿಗೆ ಹೊಕ್ಕಾನ, ದವಾಖಾನಿ ಹೆಸರು ಹೇಳಿ ಕಳಸ್ರಿ, ಹಂಗ ಬಂದ ಮೂರು ನಾಕು ಮಂದಿ ನನ್ನ ಹತ್ರ ಟ್ರೀಟ್‌ಮೆಂಟ್ ತಗೊಳ್ಳಾಕ ಹತ್ಯಾರ.

ವಿಜಯಪುರ, ರಿಟೈರ್ಡ್ ಮಾಸ್ತರ್ರು:

ನಾನು ನಿದ್ದಿಗೆ ಆಲ್ಪ್ರಜೋಲಮ್ 0.5 ನಾಕು ವರ್ಷದಿಂದ ತಗೋತೀನಿ, ಇದನ್ನ ಓದಿ ಎದಿ ಡವಡವ ಅಂತು. ಇವತ್ತಿಂದ ಬಂದ್ ಮಾಡ್ಲೇನ್ರಿ?

ಡಾಕ್ಟರ್:

ಬ್ಯಾಡ್ರಿ ಸರ್, ಒಮ್ಮೆಲೆ ಬಿಟ್ರ ಇದರಿಂದನೂ ಫಿಟ್ಸ್ ಬರಬಹುದು. ಬರದು ಕೊಟ್ಟೋರನ್ನ ಕಂಡು ವಾರಗಟ್ಟಲೆ, ಬೇಕಾದ್ರ ತಿಂಗಳಗಟ್ಟಲೆ ಸಣ್ಣಸಣ್ಣದಾಗಿ ಇಳಸಬೇಕು. ಮತ್ತ ಇದನ್ನ ಶೆರೆ ಜೋಡಿ ಅಥವಾ ಟ್ರಾಮಡಾಲ್ ಜೋಡಿ ಯಾರೂ ತಗೋಬ್ಯಾಡ್ರಿ, ಉಸಿರಾಟ ನಿಧಾನ ಆಗಿ ನಿದ್ದಿಯಾಗನ ಜೀವ ಹೊಕ್ಕೈತಿ. 2019 ರ ಕೇಂದ್ರ ಸರ್ಕಾರದ ಸರ್ವೆ ಪ್ರಕಾರ ದೇಶದಾಗ ಸುಮಾರು 1.18 ಕೋಟಿ ಮಂದಿ ನಿದ್ದಿ ಗುಳಿಗಿ ಥರದ್ದು ಚೀಟಿ ಇಲ್ಲದ, ತಪ್ಪು ರೀತಿಯಿಂದ ತಗೋತಾರ. ನೀವು ಅದರಾಗ ಇಲ್ಲ, ಹೆದರಬ್ಯಾಡ್ರಿ.

ಬನಹಟ್ಟಿ ಅಕ್ಕ:

ಮೇಡಂ ಅಪ್ಪಗ ಓದಿ ಹೇಳಿದೆ, ಸವಳು ಹೊಲದ ಮಾತು ಕೇಳಿ ಭಾಳೊತ್ತು ಸುಮ್ಕ ಕುಂತ್ರು, ನಮ್ಮ ಎರಡು ಎಕರೆ ಹಂಗ ಹೋಗೈತ್ರಿ. ಆಮ್ಯಾಲ ಅಂದ್ರು, ಸವಳು ಹೊಲ ಮತ್ತ ಬರತೈತೇನು ಕೇಳು ಅಂತ. ಮತ್ತ ತಮ್ಮ ಪೊಲೀಸರಿಗೆ ಹೆದರ್ಯಾನ, ದವಾಖಾನ್ಯಾಗ ಹೆಸರು ಬರಸಿದ್ರ ಹಿಡಕೊಂಡು ಹೊಕ್ಕಾರ ಅಂತ.

ಡಾಕ್ಟರ್:

ಬರತೈತಿ ಅಂತ ಹೇಳ್ರಿ ಅಪ್ಪಾರಿಗೆ, ಬಸಿಗಾಲುವಿ ತಗದು, ಗೊಬ್ಬರ ಹಾಕಿ, ಕಾಯಬೇಕು ಅಷ್ಟ. ನಡುಕ ಭೇದಿ ಇವು 2, 3 ನೇ ದಿನ ಜೋರಾಗಿ, ಹೆಚ್ಚುಕಡಿಮಿ ಒಂದು ವಾರ ಹತ್ತು ದಿನದಾಗ ಇಳಿತಾವು, ಅದಕ್ಕ ಔಷಧ ಐತಿ, ಅಂವ ಹೊಳ್ಳಾಡೂ ಗರಜ ಇಲ್ಲ. ನಿದ್ದಿ, ಉಮೇದು ಬರಾಕ ತಿಂಗಳುಗಳು ಹಿಡೀತಾವು, ಖರೇ ಕಷ್ಟ ಆವಾಗ. ಕೆಲವರಿಗೆ ಬುಪ್ರೆನಾರ್ಫಿನ್ ಅನ್ನೂ ನಾಲಿಗಿ ಕೆಳಗ ಇಡೂ ಗುಳಿಗಿ ಕೊಡ್ತೀವಿ, ಅದು ಗೇಟ್ ಅರ್ಧಕ್ಕ ಹಿಡದು ನಿಲ್ಲಸ್ತೈತಿ. ನಿಮ್ಮ ತಮ್ಮಗ ಅದು ಬೇಕೋ ಬ್ಯಾಡೋ ನೋಡಿದ ಮ್ಯಾಲ ಹೇಳಬೇಕು. ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿಡ್ರಿ, ಕೆಲವು ವಾರ ಬಿಟ್ಟು ಮತ್ತ ಜಾರಿ ಮೊದಲಿನ 10 ಒಮ್ಮೆಲೆ ನುಂಗಿದ್ರ ದೇಹ ಈಗ ತಡಿಯೂದಿಲ್ಲ, ಸಾವು ಆಗೂದು ಆವಾಗ. ಜಾರಿದ್ರ ಬೈಬ್ಯಾಡ್ರಿ, ಬೈದ್ರ ಮುಚ್ಚಿ ಇಡ್ತಾನ.

ಪೊಲೀಸ್ ವಿಚಾರ. 2017 ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಪೇಷಂಟ್ ಮಾಹಿತಿ ಗುಟ್ಟಾಗಿ ಇಡಬೇಕು. ಎನ್‌ಡಿಪಿಎಸ್ ಕಾಯ್ದೆಯಾಗ 64ಎ ಅಂತ ಕಲಂ ಐತಿ, ಸಣ್ಣ ಪ್ರಮಾಣದ ಕೇಸ್ ಇದ್ದ ವ್ಯಸನಿ ತಾನ ಚಿಕಿತ್ಸಾಕ್ಕ ಬಂದ್ರ ಅಂವಗ ರಕ್ಷಣಾ ಕೊಡ್ತೈತಿ. ಮೊದಲು ಅವನ ಜೋಡಿ 14446 ಕ್ಕ ಫೋನ್ ಹಚ್ಚರಿ, ನಶಾ ಬಿಡಸೂ ಸಹಾಯವಾಣಿ, ರೊಕ್ಕ ಹತ್ತೂದಿಲ್ಲ. ಮನಸು ಕುಗ್ಗಿದ್ರ ಟೆಲಿ ಮಾನಸ್ 14416, ಕನ್ನಡದಾಗ ಮಾತಾಡ್ತಾರ. ತಾಲೂಕ ಆಸ್ಪತ್ರೆಯಾಗ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಇರತೈತಿ, ಅಲ್ಲಿ ವಿಚಾರಸ್ರಿ, ಅಡ್ಮಿಟ್ ಮಾಡೂದು ಬಿದ್ರ ಬಾಗಲಕೋಟೆ, ಬೆಳಗಾವಿ, ಧಾರವಾಡದ ಡಿಮ್ಹಾನ್ಸ್ ಅನ್ನೂ ಮನೋರೋಗ ಆಸ್ಪತ್ರೆ ಅದಾವು. ಬರೂ ಮುಂದ ಖಾಲಿ ಸ್ಟ್ರಿಪ್ ಎಲ್ಲಾ ಒಂದು ಚೀಲದಾಗ ಹಾಕ್ಕೊಂಡು ಬರ್ರಿ, ಒಗಿಬ್ಯಾಡ್ರಿ, ಎಷ್ಟು ಎಂಜಿ, ಜೋಡಿ ಬ್ಯಾರೆ ಏನರ ನುಂಗ್ಯಾನೇನು ಅಂತ ಅದನ್ನ ನೋಡಿನ ಗೊತ್ತಾಗ್ತೈತಿ.

ಬನಹಟ್ಟಿ ಅಕ್ಕ:

ಮಂಗಳವಾರ ತಮ್ಮನ್ನ ನಾನ ಕರಕೊಂಡು ಬರ್ತೀನಿ ಅಂತ ಅಪ್ಪಾರು ಅಂದಾರ್ರಿ.