ಛೂ ಯೀ ಮತ್ತು ಅವನ 800 ಜನ: ಜಿಯೇ ಸೇತುವೆ ಕದನವನ್ನ ಮೇಜಿನ ಮೇಲೆ ಜೋಡಿಸೋದು ಹೇಗೆ?

ಮಂಡ್ಯ_ಓದುಗ:
ಚೀನಾದ ಹಾನ್ ವಂಶದ ಕೊನೇ ವರ್ಷಗಳ ಬಗ್ಗೆ ಮಂಡ್ಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ಒಂದು ಪ್ರದರ್ಶನ ಇದೆ. ದೊಡ್ಡ ಹೆಸರುಗಳನ್ನ ಬಿಟ್ಟು, ಆ ಕಾಲದ ಯುದ್ಧನಾಯಕ ಯುವಾನ್ ಶಾವ್ ಕೈಕೆಳಗಿದ್ದ ಛೂ ಯೀ ಅನ್ನೋ ಸಣ್ಣ ಸೇನಾನಿಯನ್ನ ಆರಿಸ್ಕೊಂಡಿದೀವಿ. ತೋರಿಸಬೇಕಾಗಿರೋದು 192ರ ಜಿಯೇ ಸೇತುವೆ ಕದನ. ಎದುರಾಳಿ ಇನ್ನೊಬ್ಬ ಯುದ್ಧನಾಯಕ ಗೊಂಗ್ಸುನ್ ಝಾನ್.

6 ಅಡಿ ಉದ್ದ, 4 ಅಡಿ ಅಗಲದ ಮೇಜಿದೆ. ಪದಾತಿಗೆ ಹುಣಸೆಬೀಜ, ಬಿಳಿ ಕುದುರೆಗಳಿಗೆ ಕವಡೆ, ಮಿಕ್ಕ ಕುದುರೆಗಳಿಗೆ ಹೊಂಗೆ ಬೀಜ, ಗುರಾಣಿಯವರಿಗೆ ಅಂಗಿ ಗುಂಡಿ, ಅಡ್ಡಬಿಲ್ಲಿನವರಿಗೆ (ಕ್ರಾಸ್‌ಬೋ) ಬೆಂಕಿಕಡ್ಡಿ ಅಂತ ಲೆಕ್ಕ. ಎಲ್ಲ ವಿಡಿಯೋದಲ್ಲೂ "800 ಜನ 10,000 ಕುದುರೆ ಸವಾರರನ್ನ ಓಡಿಸಿದ್ರು" ಅಂತಷ್ಟೇ ಹೇಳಿ ಮುಗಿಸ್ತಾರೆ. ಮಕ್ಕಳು "ಹೇಗೆ ಸಾರ್?" ಅಂತ ಕೇಳೇ ಕೇಳ್ತಾರೆ. ಯಾರು ಎಲ್ಲಿ ನಿಂತಿದ್ರು, ಸೇತುವೆ ಎಲ್ಲಿಡಬೇಕು, ತಿಳಿದವರು ಹೇಳಿ.

ಕವಡೆಮನೆ, ಮೈಸೂರು:
ಮೊದಲು ಅಳತೆ ಸರಿಮಾಡ್ಕೊಳ್ಳಿ. ಹಾನ್ ಕಾಲದ ಒಂದು ಬು ಅಂದ್ರೆ ಆರು ಚಿ, ಸುಮಾರು 1.38 ಮೀಟರ್. 300 ಬುಗೆ ಒಂದು ಲಿ. ಮೇಜಿನ ಒಂದು ಇಂಚಿಗೆ 10 ಬು ಇಟ್ಕೊಂಡ್ರೆ 6 ಅಡಿ ಉದ್ದಕ್ಕೆ 720 ಬು, ಹೆಚ್ಚುಕಮ್ಮಿ ಒಂದು ಕಿಲೋಮೀಟರ್.

ಸೇತುವೆ ಇಡಲೇಬೇಡಿ. ಹೆಸರೇನೋ ಸೇತುವೆಯದ್ದು, ಆದರೆ ಸೈನ್ಯಗಳು ಕೈಕೈ ಹತ್ತಿದ್ದು ಅದರಿಂದ 20 ಲಿ ದಕ್ಷಿಣಕ್ಕೆ, ಅಂದ್ರೆ 8 ಕಿ.ಮೀ. ಮೇಲೆ. ನಿಮ್ಮ ಅಳತೆಯಲ್ಲಿ ಅದು ಮೇಜಿನಿಂದ 50 ಅಡಿ ದೂರ ಬೀಳುತ್ತೆ. ಉತ್ತರದ ಗೋಡೆಗೆ ಒಂದು ಚೀಟಿ ಅಂಟಿಸಿ, ಸಾಕು.

ಉತ್ತರದ ಕಡೆ ಗೊಂಗ್ಸುನ್ ಝಾನ್. ನಡುವೆ ಚೌಕವಾಗಿ ಕಟ್ಟಿದ 30,000 ಪದಾತಿ. ಹುಣಸೆಬೀಜ ಒಂದಕ್ಕೆ 500 ಜನ ಅಂದ್ರೆ 60 ಬೀಜ ಆಯ್ತು. ಎಡಕ್ಕೆ 5,000 ಕುದುರೆ, ಬಲಕ್ಕೆ 5,000. ಇವಕ್ಕೆ ಒಂದು ಬೀಜಕ್ಕೆ 50 ಕುದುರೆ, ಒಂದೊಂದು ಪಕ್ಕಕ್ಕೆ 100 ಬೀಜ. ಬಿಳಿಕುದುರೆ ಪಡೆ, ಅಂದ್ರೆ ಅವನ ಆಯ್ದ ಕುದುರೆ ಬಿಲ್ಲುಗಾರರು, ನಡುವಿನ ಗಟ್ಟಿ ಭಾಗ, ಅದೂ ಎರಡು ತುಕಡಿ: ಎಡದವರು ಬಲಕ್ಕೆ ಬಾಣ ಬಿಡೋರು, ಬಲದವರು ಎಡಕ್ಕೆ. ಎರಡು ಗುಂಪು ಕವಡೆ ಎದ್ದು ಕಾಣೋ ಹಾಗೆ ಇಡಿ.

ದಕ್ಷಿಣದಲ್ಲಿ ಎಲ್ಲರಿಗಿಂತ ಮುಂದೆ ಛೂ ಯೀಯ 800 ಜನ, 16 ಗುಂಡಿ. ನಾಲ್ಕು ಸಾಲಿನ ಆಳ, ಒಬ್ಬನಿಗೆ ಒಂದು ಮೀಟರ್ ಜಾಗ ಅಂತ ಹಿಡಿದ್ರೆ ಮುಂಭಾಗ 200 ಮೀಟರ್, ನಿಮ್ಮ ಮೇಜಲ್ಲಿ 14 ಇಂಚು ಚಿಲ್ಲರೆ.

ಈಗ ನಿಮ್ಮ ಮಕ್ಕಳ "ಹೇಗೆ"ಗೆ ಬರೋಣ. ಓಡೋ ಕುದುರೆಗೆ ಅಕ್ಕಪಕ್ಕ ಒಂದೂವರೆ ಮೀಟರ್ ಆದರೂ ಬೇಕು. 200 ಮೀಟರ್ ಅಗಲಕ್ಕೆ ಒಂದು ಸಾಲಲ್ಲಿ ಹಿಡಿಯೋದು 130 ಕುದುರೆ. 50 ಕುದುರೆಯನ್ನ 25ರ ಎರಡು ಸಾಲು ಮಾಡಿದ್ರೆ ಒಂದು ಹೊಂಗೆ ಬೀಜಕ್ಕೆ 2.7 ಇಂಚು ಬೇಕು, 14 ಇಂಚಿನ ಎದುರು ಐದೇ ಬೀಜ ಕೂರುತ್ತೆ. ಆರನೇದನ್ನ ಇಡೋಕೆ ಮಕ್ಕಳಿಗೇ ಹೇಳಿ, ಆಗಲ್ಲ. ಮಿಕ್ಕ 195 ಬೀಜ ಸಕ್ಕರೆ ಕಾರ್ಖಾನೆ ಗೇಟಿನ ಮುಂದೆ ನಿಂತ ಕಬ್ಬಿನ ಟ್ರಾಕ್ಟರ್ ಸಾಲಿನ ಹಾಗೆ ಹಿಂದೆ ನಿಂತಿರ್ತವೆ. 10,000 ಅನ್ನೋ ಸಂಖ್ಯೆ ಒಂದೇ ಸಲ 800ರ ಮೇಲೆ ಬೀಳೋಕೆ ಸಾಧ್ಯವೇ ಇರಲಿಲ್ಲ.

ಬತ್ತಳಿಕೆ:
ಅಳತೆ ಒಪ್ಪಿದೆ. ನಾಲ್ಕು ಸಾಲಿನ ಆಳ ಮಾತ್ರ ದಾಖಲೆಯ ಮಾತಲ್ಲ, ಆಟಕ್ಕೆ ಹಿಡಿದ ಲೆಕ್ಕ ಅಂತ ಚೀಟಿಯಲ್ಲಿ ಬರೀರಿ.

ಇನ್ನು 800ರ ಕಥೆ. ಅವರ ಎರಡೂ ಪಕ್ಕದಲ್ಲಿ ಒತ್ತಾಸೆಗೆ 1,000 ಅಡ್ಡಬಿಲ್ಲು ಇದ್ವು. ಹಿಂದೆ ಯುವಾನ್ ಶಾವ್‌ನ ಹತ್ತಾರು ಸಾವಿರ ಪದಾತಿ. ವಿಡಿಯೋದವರು ನುಂಗಿಹಾಕೋದು ಇದನ್ನೇ. ಎಡಕ್ಕೆ ಹತ್ತು, ಬಲಕ್ಕೆ ಹತ್ತು ಬೆಂಕಿಕಡ್ಡಿ, ತುದಿ ಸ್ವಲ್ಪ ಒಳಕ್ಕೆ ತಿರುಗಿಸಿ ಇಡಿ. ಗುಂಡಿ ಅಂದ್ರೆ ಗುರಾಣಿ ಹಿಡಿದು ಮುನ್ನುಗ್ಗೋರು, ಕಡ್ಡಿ ಅಂದ್ರೆ ಬಾಣ ಬಿಡೋರು. ಎಷ್ಟೋ ಚಿತ್ರಗಳಲ್ಲಿ 800 ಜನರ ಕೈಗೂ ಅಡ್ಡಬಿಲ್ಲು ಕೊಟ್ಟು ಗುರಾಣಿ ಕೆಳಗೆ ಮಲಗಿಸಿರ್ತಾರೆ. ಮಲಗಿದೋನು ಅದನ್ನ ಎಳೆದು ಹೂಡೋದಾದ್ರೂ ಹೇಗೆ?

ಯಾಕೆ ಅಂದ್ರೆ ಆ ಬಿಲ್ಲಿನ ಬಿಗಿ ಅಂಥದ್ದು. ಅದನ್ನ ಶಿ ಲೆಕ್ಕದಲ್ಲಿ ಅಳೀತಿದ್ರು. ಒಂದು ಶಿ ಅಂದ್ರೆ 120 ಜಿನ್, ಸುಮಾರು 30 ಕೆ.ಜಿ. ಹಾನ್ ಗಡಿಠಾಣೆಗಳಲ್ಲಿ ಲೆಕ್ಕ ಬರೆದಿಟ್ಟ ಬಿದಿರು-ಮರದ ಪಟ್ಟಿಗಳಲ್ಲಿ 6 ಶಿ ಬಿಲ್ಲು ಮತ್ತೆ ಮತ್ತೆ ಸಿಗುತ್ತೆ, ಅಂದ್ರೆ 180 ಕೆ.ಜಿ. ಬಿಗಿ. ಬರೀ ತೋಳಲ್ಲಿ ಆಗೋ ಕೆಲಸ ಅಲ್ಲ; ಕಾಲಲ್ಲಿ ಬಿಲ್ಲನ್ನ ಒತ್ತಿ ಹಿಡಿದು ಹೆದೆಯನ್ನ ಮೇಲಕ್ಕೆ ಎಳೀಬೇಕು. ಎಳೆದ ಹೆದೆ ಕಂಚಿನ ಪೆಟ್ಟಿಗೆಯೊಳಗಿನ ಕವಲುಕೊಕ್ಕೆಗೆ ಸಿಕ್ಕಿಕೊಳ್ಳುತ್ತೆ, ಆ ಕೊಕ್ಕೆಯನ್ನ ಒಳಗಿನ ಇನ್ನೊಂದು ತುಂಡು ತಡೆದು ಹಿಡಿಯುತ್ತೆ, ಕೆಳಗಿನ ಕೀಲು (ಟ್ರಿಗರ್) ಎಳೆದ್ರೆ ತಡೆ ಜಾರಿ ಕೊಕ್ಕೆ ಮುಂದಕ್ಕೆ ಬೀಳುತ್ತೆ. ಎಲ್ಲವನ್ನೂ ಹಿಡಿದಿಡೋದು ಎರಡು ಅಡ್ಡಮೊಳೆ. ಹೂಡಿಟ್ಟ ಬಿಲ್ಲನ್ನ ಹಾಗೇ ಹಿಡ್ಕೊಂಡು ಕಾಯಬಹುದು. ಅದೇ ಇದರ ದೊಡ್ಡ ಅನುಕೂಲ.

ಇಲ್ಲಿ ಕಾಯೋದೇ ಮುಖ್ಯ. ಕುದುರೆಗಳು ಕೆಲವು ಹತ್ತು ಬು ದೂರಕ್ಕೆ ಬರೋ ತನಕ ಛೂ ಯೀ ಜನ ಗುರಾಣಿ ಕೆಳಗೆ ಮಲಗಿ ಅಲ್ಲಾಡಲಿಲ್ಲ, ಆಮೇಲೆ ಒಟ್ಟಿಗೆ ಎದ್ದು ಧೂಳೆಬ್ಬಿಸಿ ಕೂಗ್ತಾ ಮುಂದಕ್ಕೇ ನುಗ್ಗಿದ್ರು, ಅಡ್ಡಬಿಲ್ಲು ಸಿಡಿದ್ವು. 50 ಬು ಅಂತ ಹಿಡೀರಿ: 70 ಮೀಟರ್. ಸೆಕೆಂಡಿಗೆ 10 ಮೀಟರ್ ಓಡೋ ಕುದುರೆಗೆ ಅದು ಏಳು ಸೆಕೆಂಡ್. ಅಷ್ಟರಲ್ಲಿ ಎರಡನೇ ಬಾಣ ಹೂಡೋಕಾಗಲ್ಲ. ಒಂದು ಬಿಲ್ಲಿಗೆ ಒಂದೇ ಏಟು. 200 ಬು ದೂರದಲ್ಲೇ ಬಿಟ್ಟಿದ್ರೆ ಸವಾರರು ಚದುರಿ ಪಕ್ಕಕ್ಕೆ ತಿರುಗಿ ದೂರದಿಂದಲೇ ಬಾಣ ಹೊಡೀತಿದ್ರು, ಅವರು ಪಳಗಿದ್ದೇ ಅದರಲ್ಲಿ. 20 ಬುಗೆ ಬಿಟ್ಟಿದ್ರೆ ಏಟು ತಿಂದ ಕುದುರೆಯೂ ಓಡಿ ಬಂದು ಗುರಾಣಿ ಮೇಲೇ ಬೀಳ್ತಿತ್ತು.

ಗೊಂಗ್ಸುನ್ ಝಾನ್ ತಪ್ಪು ಸೀದಾ ಇದೆ. ಎದುರಿಗೆ ಜನ ಕಮ್ಮಿ ಅಂತ ಕಂಡು ತುಳಿಸಿಬಿಡೋಣ ಅಂತ ಕುದುರೆ ಬಿಟ್ಟ. ಬಾಣ ಹೊಡೆದು ಹಣ್ಣು ಮಾಡೋ ಪಡೆಯನ್ನ ಗುದ್ದೋಕೆ ಕಳಿಸಿದ. ಆ ಕಾಲಕ್ಕೆ ಜೋಡಿ ರಿಕಾಪು (ಸವಾರ ಕಾಲಿಡೋ ಬಳೆ) ಇನ್ನೂ ಬಂದಿರಲಿಲ್ಲ ಅನ್ನೋದನ್ನೂ ನೆನಪಿಡಿ. ಮುಂದಿನ ಕುದುರೆ ಬಿದ್ದು ಹಿಂದಿನದ್ದು ಎಡವಿದ್ರೆ ಸವಾರನಿಗೆ ತೊಡೆಯ ಹಿಡಿತ ಬಿಟ್ಟು ಬೇರೆ ಆಸರೆ ಇಲ್ಲ.

ಮಂಡ್ಯ_ಓದುಗ:
ತುಂಬ ಉಪಕಾರ ಆಯ್ತು ಸಾರ್. ಇನ್ನೆರಡು ಪ್ರಶ್ನೆ. ಏಟು ಬಿದ್ದ ಮೇಲೆ ಎಷ್ಟು ಬೀಜ ತೆಗೀಬೇಕು? ಮತ್ತೆ ಛೂ ಯೀಯನ್ನ ಆ ಕಾಲದ ಹೆಸರಾಂತ ವೀರ ಝಾವ್ ಯುನ್ ಈಟಿಯಲ್ಲಿ ಇರಿದು ಕೊಂದ ಅಂತ ಒಬ್ಬರು ಹೇಳ್ತಿದಾರೆ, ಅದನ್ನ ಇದೇ ಮೇಜಲ್ಲಿ ತೋರಿಸಬಹುದಾ?

ಶಾಸನಪ್ರಿಯ:
ಝಾವ್ ಯುನ್ ಇರಿಯೋದು ಶತಮಾನಗಳ ಮೇಲೆ ಬಂದ ಕಾದಂಬರಿಯಲ್ಲಿ. ದಯವಿಟ್ಟು ಬೇಡ. ಛೂ ಯೀ ಈ ಕದನ ಗೆದ್ದು ಮೂರು ವರ್ಷ ಆದ್ಮೇಲೂ ಸೈನ್ಯ ನಡೆಸ್ತಿದ್ದ.

ಇವನಿಗೆ ಪ್ರತ್ಯೇಕ ಜೀವನಚರಿತ್ರೆಯೇ ಇಲ್ಲ. ಬೇರೆಯವರ ಅಧ್ಯಾಯಗಳಲ್ಲಿ ಅಲ್ಲೊಂದು ಇಲ್ಲೊಂದು ಸಾಲು. ಕದನದ ಈ ವಿವರ ಉಳಿದಿರೋದೂ 'ಮೂರು ರಾಜ್ಯಗಳ ದಾಖಲೆ' ಅನ್ನೋ ಇತಿಹಾಸಕ್ಕೆ 429ರಲ್ಲಿ ಪೇಯ್ ಸೊಂಗ್‌ಝಿ ಸೇರಿಸಿದ ಟಿಪ್ಪಣಿಯ ದೆಸೆಯಿಂದ. ವಾಯವ್ಯದ ಲಿಯಾಂಗ್ ಪ್ರಾಂತ್ಯದಲ್ಲಿ ಬಹುಕಾಲ ಇದ್ದು ಅಲ್ಲಿನ ಛಿಯಾಂಗ್ ಬುಡಕಟ್ಟು ಜನರ ಕಾದಾಟದ ಪಟ್ಟು ಬಲ್ಲವನಾಗಿದ್ದ. ಕುದುರೆ ಮೇಲೆ ಬರ್ತಿದ್ರೂ ಮಲಗಿರೋ ಧೈರ್ಯ ಅಲ್ಲಿಂದ ಬಂದದ್ದು ಅಂತ ನನಗನಿಸುತ್ತೆ. 191ರಲ್ಲಿ ತನ್ನ ಯಜಮಾನ ಹಾನ್ ಫು ಮೇಲೇ ತಿರುಗಿಬಿದ್ದು ಅವನನ್ನ ಸೋಲಿಸಿ ಯುವಾನ್ ಶಾವ್ ಕಡೆ ಸೇರಿದ. ಅಂಥವನನ್ನ ಹೊಸ ಯಜಮಾನ ಎಷ್ಟು ನಂಬಿಯಾನು?

ಬೀಜದ ಲೆಕ್ಕ: ಗೊಂಗ್ಸುನ್ ಝಾನ್ ನೇಮಿಸಿದ್ದ ಪ್ರಾಂತಾಧಿಕಾರಿ ಯಾನ್ ಗಾಂಗ್ ಸತ್ತ, ಸಾವಿರದ ಮೇಲೆ ತಲೆ ಬಿತ್ತು. 50ರ ಲೆಕ್ಕದಲ್ಲಿ 20 ಹೊಂಗೆ ಬೀಜ, ಅಷ್ಟೇ. 40,000ದಲ್ಲಿ ನಲವತ್ತಕ್ಕೆ ಒಬ್ಬ. ಮಿಕ್ಕವರು ಸತ್ತಿಲ್ಲ, ಓಡಿದಾರೆ, ಪಾಳೆಯಕ್ಕೂ ಹಿಂತಿರುಗಲಿಲ್ಲ. ಬೀಜಗಳನ್ನ ಮೇಜಿನಿಂದ ತೆಗೀಬೇಡಿ, ಉತ್ತರದ ಅಂಚಿಗೆ ಗುಡಿಸಿ. ಸೇತುವೆ ಹತ್ರ ಹಿಂಪಡೆ ತಿರುಗಿ ನಿಂತು ಕಾದಾಡ್ತು, ಛೂ ಯೀ ಅದನ್ನೂ ಮುರಿದು ಪಾಳೆಯದ ಬಾಗಿಲ ಬಾವುಟ ಕಿತ್ತ.

ಅವನು ಸೋತದ್ದು ಅನ್ನದಲ್ಲಿ. 195ರಲ್ಲಿ ಬಾವ್‌ಛಿಯು ಅನ್ನೋ ಜಾಗದಲ್ಲಿ ಮಿತ್ರಪಡೆಗಳ ಜೊತೆ ಸೇರಿ ಗೊಂಗ್ಸುನ್ ಝಾನ್‌ನ 20,000 ಜನರನ್ನ ಕೊಂದ ಮೇಲೆ, ಆತ ಯೀಜಿಂಗ್ ಕೋಟೆ ಸೇರ್ಕೊಂಡ. ಹತ್ತು ಸುತ್ತು ಕಂದಕ, ಒಳಗೆ 30 ಲಕ್ಷ ಹು ಧಾನ್ಯ. ಒಂದು ಹು ಸುಮಾರು 20 ಲೀಟರ್. ಹೊರಗೆ ಛೂ ಯೀ ವರ್ಷದ ಮೇಲೆ ಕೂತ, ಧಾನ್ಯ ಮುಗೀತು, ಹಸಿದ ಕೆಲವು ಸಾವಿರ ಜನ ಹಿಂದಕ್ಕೆ ಹೊರಟಾಗ ಒಳಗಿನವರು ಬಂದು ಹೊಡೆದು ಸರಂಜಾಮಿನ ಗಾಡಿಗಳನ್ನೆಲ್ಲ ಕಿತ್ಕೊಂಡ್ರು. ಕೊನೆಗೆ, ಗೆದ್ದ ಗರ್ವದಲ್ಲಿ ಮೆರೀತಾನೆ ಅಂತ ಯುವಾನ್ ಶಾವ್‌ನೇ ಅವನನ್ನ ಕೊಲ್ಲಿಸಿದ. ದಾಖಲೆಯಲ್ಲಿ ಒಂದೇ ಸಾಲು.

ಕವಡೆಮನೆ, ಮೈಸೂರು:
ಜಾಗ ಇದ್ರೆ ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿ ಎರಡನೇ ದೃಶ್ಯ ಮಾಡಿ, ಮಕ್ಕಳಿಗೆ ಇದೇ ಹೆಚ್ಚು ಹಿಡಿಸುತ್ತೆ. ಛೂ ಯೀ ಮುಂದೆ ಅಟ್ಟಿಸ್ಕೊಂಡು ಹೋದ. ಯುವಾನ್ ಶಾವ್ ಸೇತುವೆಗೆ ಹತ್ತು ಲಿಗೂ ಹೆಚ್ಚು ಹಿಂದೆ, ಗೆದ್ದಾಯ್ತು ಅಂತ ಕುದುರೆ ಇಳಿದು ಜೀನು ಬಿಚ್ಚಿದ್ದ. ಜೊತೆಗಿದ್ದದ್ದು ಕೆಲವು ಹತ್ತು ಅಡ್ಡಬಿಲ್ಲು, ನೂರು ಚಿಲ್ಲರೆ ದೊಡ್ಡ ಈಟಿಯವರು. ಚದುರಿಹೋಗಿದ್ದ 2,000 ಸವಾರರು ಅಚಾನಕ್ ಬಂದು ಸುತ್ತುಗಟ್ಟಿದ್ರು. ಖಾಲಿ ಗೋಡೆಯೊಳಗೆ ಅಡಗೋಣ ಬನ್ನಿ ಅಂತ ಅವನ ಸಲಹೆಗಾರ ತಿಯಾನ್ ಫೆಂಗ್ ಕರೆದ್ರೆ, ಯುವಾನ್ ಶಾವ್ ಶಿರಸ್ತ್ರಾಣ ನೆಲಕ್ಕೆ ಎಸೆದು ಒಲ್ಲೆ ಅಂದ. ಸುತ್ತಿದವರಿಗೆ ಒಳಗಿರೋದು ಯಾರು ಅಂತ ಗೊತ್ತಿರಲಿಲ್ಲ, ಬಾಣದ ಏಟಿಗೆ ಸ್ವಲ್ಪ ಹಿಂದೆ ಸರಿದ್ರು. ಅಷ್ಟರಲ್ಲಿ ಛೂ ಯೀ ವಾಪಸ್ ಬಂದ.

ಒಂದು ಬೆಂಕಿಕಡ್ಡಿ, ಈಟಿಯವರಿಗೆ ಎರಡು ಲವಂಗ, ಸುತ್ತ 40 ಹೊಂಗೆ ಬೀಜ. ಬೀಜಗಳಿಗೆ ಕೆಳಗೆ ಚೂರು ಅಂಟು ಹಾಕಿ, ಫ್ಯಾನ್ ಗಾಳಿಗೆ ಜಾರುತ್ತವೆ. ಬೀಜ ಸಾಲದೆ ಬಂದ್ರೆ ಗುಲಗಂಜಿ ಮಾತ್ರ ಬಳಸಬೇಡಿ, ವಿಷ. ಮಕ್ಕಳು ಬಾಯಿಗೆ ಹಾಕ್ತಾರೆ.