ಐಸಿಯು ಡ್ಯೂಟಿ, ಸೊಂಟ ನೋವು, ನಿದ್ದೆ ಇಲ್ಲ: ನೀವು ಹೇಗೆ ನಿಭಾಯಿಸುತ್ತೀರಿ?

ಪ್ರಶ್ನೆ:
ನಾನು ಐಸಿಯುನಲ್ಲಿ ಸ್ಟಾಫ್ ನರ್ಸ್. ಪೇಷೆಂಟ್‌ಗಳನ್ನು ಮಗ್ಗುಲು ತಿರುಗಿಸಿ ತಿರುಗಿಸಿ ಸೊಂಟ ಹಿಡಿದುಕೊಂಡಿದೆ, ನೈಟ್ ಡ್ಯೂಟಿ ಮುಗಿಸಿ ಬಂದರೆ ನಿದ್ದೆಯೂ ಹತ್ತುವುದಿಲ್ಲ. ಏನು ಮಾಡಲಿ?

ಉತ್ತರ 1:
ಎಷ್ಟೇ ಅರ್ಜೆಂಟ್ ಇದ್ದರೂ ಒಬ್ಬರೇ ಎತ್ತಬೇಡಿ ಸಿಸ್ಟರ್. ಮಂಚವನ್ನು ನಿಮ್ಮ ಸೊಂಟದ ಮಟ್ಟಕ್ಕೆ ಏರಿಸಿಕೊಂಡು ಇಬ್ಬರು ಸೇರಿ ಶೀಟ್ ಹಿಡಿದು ಸರಿಸಿ, ಬಗ್ಗಿ ಎಳೆದಾಗಲೇ ಬೆನ್ನಿಗೆ ಜಾಸ್ತಿ ಪೆಟ್ಟು. ಕಾಲು ಜೋಮು ಹಿಡಿಯುತ್ತಿದ್ದರೆ ತಡ ಮಾಡದೆ ತೋರಿಸಿ.

ಉತ್ತರ 2:
ನೈಟ್ ಡ್ಯೂಟಿ ಬಗ್ಗೆ ಅಸಡ್ಡೆ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲೇ ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರುವ ಸಂಭವ ಇರುವ ಕೆಲಸಗಳ ಜೊತೆ ಸೇರಿಸಿತು, 2019ರಲ್ಲೂ ಅದನ್ನೇ ಉಳಿಸಿಕೊಂಡಿತು. ಹೆದರಿಸಲು ಹೇಳುತ್ತಿಲ್ಲ. ಸಾಲಾಗಿ ನೈಟ್ ಹಾಕಿದರೆ ಇನ್‌ಚಾರ್ಜ್ ಹತ್ತಿರ ಇದನ್ನೇ ಹೇಳಿ ಕೇಳಿ. ಡ್ಯೂಟಿಯ ಕೊನೆಯಲ್ಲಿ ಕಾಫಿ ಬಿಡಿ, ಮಲಗುವ ಕೋಣೆಗೆ ದಪ್ಪ ಪರದೆ ಹಾಕಿ.

ಉತ್ತರ 3:
ಇನ್ನೊಂದು ಮಾತು. ಸೂಜಿ ಚುಚ್ಚಿಕೊಂಡರೆ ಬೈತಾರೆ ಅಂತ ಎಷ್ಟೋ ಹುಡುಗಿಯರು ಸುಮ್ನೆ ಇದ್ದುಬಿಡುತ್ತಾರೆ, ನೋಡಿದರೆ ಸಂಕಟ ಆಗುತ್ತದೆ. ಸೋಪು ನೀರಲ್ಲಿ ತೊಳೆದು ಕೂಡಲೇ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಆದಷ್ಟು ಬೇಗ, 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ನಿಮ್ಮ ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಆಗಿದೆ ಅಲ್ವಾ?